ಮಿರಜ–ಸಾಂಗಲಿ: ಬಿಡಿಭಾಗಗಳ ಪೇಟೆಯಲ್ಲಿ ಒಂದು ದಿನ

ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಹಳ್ಳಿಗಳಿಗೆ ಮಿರಜ ಎಂದರೆ ಹಿಂದಿನಿಂದಲೂ ಎರಡೇ ಅರ್ಥ: ದವಾಖಾನೆ ಮತ್ತು ರೈಲು. ಅಲ್ಲಿಂದ ಮುಂದಿನ ಸಾಂಗಲಿ ಜಿಲ್ಲಾ ಕೇಂದ್ರ. ಕಚೇರಿಯ ಕಾಗದಕ್ಕೆ, ಕೋರ್ಟಿನ ತಾರೀಖಿಗೆ, ಅರಿಸಿನ ಮತ್ತು ಒಣದ್ರಾಕ್ಷಿಯ ಪೇಟೆಗೆ ಅಲ್ಲಿಗೆ ಹೋಗಲೇಬೇಕು. ಉಮದಿ, ಸಂಖ ಕಡೆಯಿಂದ ಬೆಳಗಿನ ಎಸ್‌ಟಿ ಬಸ್ಸು ಹತ್ತಿದವರು ಜತ್ತದಲ್ಲಿ ಚಹಾ ಕುಡಿದು, ಕವಠೆ ಮಹಾಂಕಾಳ ದಾಟಿ, ಒಣನೆಲ ಕಳೆದು ಕಬ್ಬಿನ ಹಸಿರು ಕಣ್ಣಿಗೆ ಬೀಳುವ ಹೊತ್ತಿಗೆ ಮಿರಜ ಮುಟ್ಟುತ್ತಾರೆ. ಈಚಿನ ಕೆಲವು ವರ್ಷಗಳಲ್ಲಿ ಈ ಪ್ರಯಾಣಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಕಾಲೇಜು ಮುಗಿಸಿದ ಹುಡುಗರು ತಂದೆಯನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು, ಮಡಿಸಿದ ಪಟ್ಟಿಯೊಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಕಂಪ್ಯೂಟರಿನ ಬಿಡಿಭಾಗಗಳನ್ನು ಕೊಳ್ಳಲು ಬರುತ್ತಾರೆ.

2026ರ ಮಾಗಿಯ ಕೊನೆಯಲ್ಲಿ ಹಾಗೆ ಬಂದಿಳಿದ ತಂದೆ-ಮಗ ಇಬ್ಬರ ಕೈಯಲ್ಲಿ ಎರಡು ಕೆಲಸಗಳಿದ್ದವು. ತಂದೆಯ ಹೆಗಲ ಮೇಲೆ ಹಳೆಯ ಧೋತರದಲ್ಲಿ ಸುತ್ತಿದ ಊರ ಭಜನಾ ಮಂಡಳಿಯ ತಂಬೂರಿ. ಅದನ್ನು ರಿಪೇರಿಗೆ ಕೊಡಬೇಕಾಗಿತ್ತು. ಮಗನ ಕಿಸೆಯಲ್ಲಿ ಪಟ್ಟಿ. ಶೀತಗೃಹದಲ್ಲಿ ಇರಿಸಿದ್ದ ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ ಸೊಸೈಟಿಯ ಸಾಲದ ಕಂತು ಕಳೆದು ಉಳಿದದ್ದರಲ್ಲಿ ರೂ. 85,000 ಈ ಕೆಲಸಕ್ಕೆಂದು ತೆಗೆದಿಟ್ಟಿದ್ದರು. ಕನ್ನಡ ಶಾಲೆಯಲ್ಲಿ ಓದಿ, ಸಾಂಗಲಿಯಲ್ಲಿ ಪದವಿ ಮುಗಿಸಿ, ಗ್ರಾಫಿಕ್ಸ್ ಕಲಿತ ಮಗನಿಗೆ ಪುಣೆಯಲ್ಲಿ ಸಣ್ಣ ಸಂಬಳದ ಕೆಲಸ ಸಿಕ್ಕಿತ್ತು. ಬಾಡಿಗೆ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಊರಲ್ಲೇ ಇದ್ದು ಲಗ್ನಪತ್ರಿಕೆ, ಬ್ಯಾನರು, ಶಾಲೆಯ ಸ್ನೇಹ ಸಮ್ಮೇಳನದ ಪರದೆ, ಮುಂದೆ ಅನಿಮೇಷನ್ ಮಾಡುತ್ತೇನೆಂಬುದು ಅವನ ಹಟ. ಒಂದು ವರ್ಷದಲ್ಲಿ ಯಂತ್ರ ತನ್ನ ಬೆಲೆ ದುಡಿಯದಿದ್ದರೆ ಪುಣೆಯ ಬಸ್ಸು ಹತ್ತಬೇಕೆಂಬುದು ತಂದೆಯ ಕರಾರು.

ಒಂದು ಮಾತು ಮಾತ್ರ ತಂದೆಗೆ ನುಂಗಲಾಗಿರಲಿಲ್ಲ. ಪಟ್ಟಿಯ ತಲೆಯ ಮೇಲೆ ‘ಗೇಮಿಂಗ್’ ಎಂದು ಬರೆದಿತ್ತು.

“ಆಟ ಆಡೂದಕ್ಕ ಎಂಬತ್ತೈದು ಸಾವಿರೇನೋ ತಮ್ಮಾ?”

“ಆಟ ಆಡೂ ಮಷಿನ್ನೇ ಚಿತ್ರಾ ಮಾಡೂ ಮಷಿನ್ ಯಪ್ಪಾ. ಎರಡಕ್ಕೂ ಒಂದ ಕಾರ್ಡ್ ಬೇಕು.”

ಮಗನ ಉತ್ತರ ನಿಜವಾದುದು. ಆಟದ ಪರದೆಯಲ್ಲಿ ಕ್ಷಣಕ್ಕೆ ಅರವತ್ತು ಸಲ ಬದಲಾಗುವ ದೃಶ್ಯವನ್ನು ಲೆಕ್ಕ ಹಾಕುವುದೂ, ಮೂರು ಆಯಾಮದ ಚಿತ್ರದ ಮೇಲೆ ಬೆಳಕು-ನೆರಳನ್ನು ಕೂರಿಸುವುದೂ ಒಂದೇ ಬಗೆಯ ಗಣಿತ. ಒಂದೊಂದು ಲೆಕ್ಕವೂ ಚಿಕ್ಕದು, ಆದರೆ ಅಂಥವು ಲಕ್ಷಗಟ್ಟಲೆ ಏಕಕಾಲಕ್ಕೆ ಆಗಬೇಕು. ಆ ಕೆಲಸಕ್ಕೆಂದೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಸಣ್ಣ ಗಣಕಗಳಿರುತ್ತವೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಎಂಬ, 2021ರಲ್ಲಿ ಬಂದ ಕಾರ್ಡಿನಲ್ಲಿ ಇವುಗಳ ಸಂಖ್ಯೆ 3,584. ಮುಖ್ಯ ಪ್ರೊಸೆಸರಿನಲ್ಲಿ ಆರೋ ಎಂಟೋ ಗಟ್ಟಿಯಾಳುಗಳಿದ್ದರೆ, ಕಾರ್ಡಿನಲ್ಲಿರುವುದು ಜಾತ್ರೆಯಷ್ಟು ಕೂಲಿಯಾಳುಗಳ ದಂಡು.

ಮಿರಜ ಜಂಕ್ಷನ್ನಿನಿಂದ ಒಂದು ಹಳಿ ಪುಣೆಗೆ, ಒಂದು ಕೊಲ್ಹಾಪುರಕ್ಕೆ, ಒಂದು ಬೆಳಗಾವಿ-ಹುಬ್ಬಳ್ಳಿಗೆ, ಒಂದು ಪಂಢರಪುರದತ್ತ ಕುರ್ಡುವಾಡಿಗೆ ಹೋಗುತ್ತದೆ. ಡಾ. ವಿಲಿಯಮ್ ವಾನ್ಲೆಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆಯಿಂದ ಮೊದಲ್ಗೊಂಡು ಈ ಊರು ಉತ್ತರ ಕರ್ನಾಟಕದ ರೋಗಿಗಳ ಪಾಲಿಗೆ ಕೊನೆಯ ಭರವಸೆಯಾಗಿತ್ತು. ಔಷಧದ ಅಂಗಡಿಗಳಲ್ಲಿ ಇಂದಿಗೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುವುದುಂಟು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದುದು ಇಲ್ಲಿ. 1937ರಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದೂ ಇಲ್ಲಿಯ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರು ಎಂದರೆ ಈ ಊರಿಗೂ ಧಾರವಾಡ ಸೀಮೆಗೂ ಇರುವ ನಂಟು ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ಪೇಟೆಯ ಗಲ್ಲಿಯಲ್ಲಿ ಸಿತಾರಮೇಕರ ಮನೆತನಗಳು ತಲೆಮಾರುಗಳಿಂದ ಸಿತಾರ, ತಂಬೂರಿಗಳನ್ನು ಮಾಡುತ್ತ ಬಂದಿವೆ. ಇವರ ಹಿರಿಯರು ಖಡ್ಗಗಳಿಗೆ ಸಾಣೆ ಹಿಡಿಯುವ ಶಿಕಲಗಾರರು. ಖಡ್ಗದ ಕಾಲ ಮುಗಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬರು ವಾದ್ಯದ ಕಸುಬನ್ನು ಹಿಡಿದರೆಂಬುದು ಊರಿಗೆ ಗೊತ್ತಿರುವ ಇತಿಹಾಸ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕುಂಬಳದಂಥ ಕಹಿ ಸೋರೆಯ ಬುರುಡೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯಿಂದ ಬರುತ್ತದೆ. ಕಟ್ಟಿಗೆ ಕರ್ನಾಟಕದ ಕಾಡಿನದು. ಒಂದೇ ಕೈ ಎಲ್ಲವನ್ನೂ ಬೆಳೆಯುವುದಿಲ್ಲ. ಆರಿಸುವುದು, ಕೂಡಿಸುವುದು, ಒಂದಕ್ಕೊಂದು ಒಗ್ಗಿಸುವುದು ಇಲ್ಲಿಯ ವಿದ್ಯೆ.

ತಂಬೂರಿಯನ್ನು ನೋಡಿದ ಕಸುಬುದಾರನು ಬುರುಡೆಯನ್ನು ಬೆರಳಿನಿಂದ ತಟ್ಟಿ, ಅದು ಸರಿಯಾಗಿದೆ, ಕುದುರೆ ಮಾತ್ರ ಸವೆದಿದೆ, ಉಜ್ಜಿ ಜವಾರಿ ಸರಿಪಡಿಸಿದರೆ ಸಾಕು, ಸಂಜೆಗೆ ಬನ್ನಿರಿ ಎಂದನು. ಕೆತ್ತನೆಯ ಬಣ್ಣ ಹೋಗಿದೆಯಲ್ಲ ಎಂದು ತಂದೆ ಕೇಳಿದ್ದಕ್ಕೆ, ಬಣ್ಣ ಯಾವಾಗ ಬೇಕಾದರೂ ಹಚ್ಚಬಹುದು, ಬುರುಡೆ ಸೀಳಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ ಎಂಬ ಉತ್ತರ ಬಂತು.

ಮಿರಜಿನಿಂದ ಸಾಂಗಲಿಗೆ ಹತ್ತು ಕಿಲೋಮೀಟರಿನಷ್ಟು ದಾರಿ. 1998ರಿಂದ ಕುಪವಾಡವನ್ನೂ ಸೇರಿಸಿ ಮೂರೂ ಊರುಗಳಿಗೆ ಒಂದೇ ಮಹಾನಗರಪಾಲಿಕೆ. ನಡುವಿನ ವಿಶ್ರಾಮಬಾಗ ವಿದ್ಯಾರ್ಥಿಗಳ ಊರು. 1919ರಲ್ಲಿ ಆರಂಭವಾದ ವಿಲಿಂಗ್ಡನ್ ಕಾಲೇಜು ಇಲ್ಲಿದೆ. ‘ಕನ್ನಡ ಸಾಹಿತ್ಯ ಚರಿತ್ರೆ’ ಬರೆದು 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ಈ ಕಾಲೇಜಿನಲ್ಲಿ, ವಿ. ಕೃ. ಗೋಕಾಕರೂ ಇಲ್ಲಿ ಪ್ರಾಂಶುಪಾಲರಾಗಿದ್ದರು. ವಾಲ್‌ಚಂದ್ ಇಂಜಿನಿಯರಿಂಗ್ ಕಾಲೇಜು ಸಹ ಈ ಬದಿಗೇ ಇರುವುದರಿಂದ ಈ ಸುತ್ತಿನಲ್ಲಿ ಕಂಪ್ಯೂಟರಿನ ಮಾತು ತಿಳಿದವರಿಗೆ ಬರವಿಲ್ಲ.

ಮೊದಲು ಹೊಕ್ಕ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಂದು ಕೆಂಪು, ನೀಲಿ, ಹಸಿರು ದೀಪ ಬೀರುತ್ತ ಮೆರೆಯುತ್ತಿತ್ತು. ಬೆಲೆ ರೂ. 80,000. ‘ಐ-7’ ಪ್ರೊಸೆಸರು, 32 ಜಿಬಿ ಮೆಮೊರಿ, ಗ್ರಾಫಿಕ್ಸ್ ಕಾರ್ಡು, ಪೆಟ್ಟಿಗೆಯ ಜೊತೆಗೆ ಪವರ್ ಸಪ್ಲೈ ಉಚಿತ. ಬಿಲ್ಲು ಬೇಕೆಂದರೆ ಜಿಎಸ್‌ಟಿ ಶೇ. 18 ಬೇರೆ. ದೊಡ್ಡ ಅಂಕಿಗಳು ತಂದೆಗೆ ಹಿಡಿಸಿದವು. ಮಗ ಪೆಟ್ಟಿಗೆಯ ಬದಿಯನ್ನು ತೆರೆಯಿಸಿ ಒಂದೊಂದನ್ನೇ ಓದಿದ.

ಅಲ್ಲಿದ್ದುದು ಐ-7 3770, ಅಂದರೆ 2012ರ ಪ್ರೊಸೆಸರು. ನಾಲ್ಕು ಕೋರು, ಎಂಟು ಥ್ರೆಡ್ಡು. 2022ರ ಐ-3 12100ನಲ್ಲಿಯೂ ಕೋರು ನಾಲ್ಕೇ, ಥ್ರೆಡ್ಡು ಎಂಟೇ, ಆದರೆ ಪ್ರತಿಯೊಂದು ಕೋರಿನ ವೇಗದಲ್ಲಿ ಹತ್ತು ವರ್ಷಗಳ ಅಂತರ. ಐ-3, ಐ-5, ಐ-7 ಎಂಬುದು ಒಂದೇ ತಲೆಮಾರಿನೊಳಗಿನ ದರ್ಜೆ. ಮುಂದಿನ ಅಂಕಿ ತಲೆಮಾರನ್ನು ಹೇಳುತ್ತದೆ. ಅಷ್ಟು ಹಳೆಯ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದ 32 ಜಿಬಿ ಮೆಮೊರಿಯೂ ಡಿಡಿಆರ್ 3 ಎಂಬ ಹಳೆಯ ಬಗೆಯದು. ಮುಂದೆ ಹೊಸ ಬೋರ್ಡಿಗೆ ಅದನ್ನು ತೆಗೆದು ಹಾಕಲು ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡು 4 ಜಿಬಿಯ ಜಿಟಿಎಕ್ಸ್ 1650, 2019ರದು. ಪವರ್ ಸಪ್ಲೈ ಮೇಲೆ ತಯಾರಕರ ಹೆಸರೇ ಇರಲಿಲ್ಲ.

“ಏನಂತದ ಪೆಟಿಗಿ?” ಎಂದು ತಂದೆ ಕೇಳಿದರು.

“ಬಣ್ಣ ಛಲೋ ಅದ ಯಪ್ಪಾ, ಬುರುಡಿ ಸೀಳೇದ.”

ಇಬ್ಬರೂ ಹೊರಗೆ ಬಂದರು.

ಬಿಡಿಭಾಗಗಳನ್ನು ಕೂಡಿಸಿ ಯಂತ್ರ ಕಟ್ಟುವಾಗ ಮೊದಲ ಪ್ರಶ್ನೆ ‘ಯಾವುದು ದೊಡ್ಡದು’ ಎಂಬುದಲ್ಲ, ‘ಯಾವುದು ಯಾವುದಕ್ಕೆ ಸಮ’ ಎಂಬುದು. ಜತ್ತದ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಎತ್ತಿ, ಹಂತ ಹಂತವಾಗಿ ಮೇಲಕ್ಕೆ ತಳ್ಳಿ, ಕವಠೆ ಮಹಾಂಕಾಳ, ಜತ್ತದತ್ತ ಹರಿಸುವ ಏತ ನೀರಾವರಿಯನ್ನು ಆ ಸೀಮೆಯವರೆಲ್ಲ ಬಲ್ಲರು. ಕೆಳಗಿನ ಪಂಪು ಎಷ್ಟು ದೊಡ್ಡದಿದ್ದರೂ ಮಧ್ಯದ ಒಂದು ಹಂತ ಸಣ್ಣದಾದರೆ ಹೊಲಕ್ಕೆ ಬೀಳುವುದು ಆ ಸಣ್ಣ ಹಂತದಷ್ಟೇ ನೀರು. ಪ್ರೊಸೆಸರು ದೃಶ್ಯವನ್ನು ಸಿದ್ಧಪಡಿಸಿ ಕೊಡದಿದ್ದರೆ ದುಬಾರಿ ಕಾರ್ಡು ಕೈಕಟ್ಟಿ ಕೂರುತ್ತದೆ. ಕಾರ್ಡು ದುರ್ಬಲವಾದರೆ ದುಬಾರಿ ಪ್ರೊಸೆಸರಿನ ದುಡ್ಡು ನೀರಿನಲ್ಲಿ ಹೋಮ. ಸಾಧಾರಣ ಬಜೆಟ್ಟಿನ ಗ್ರಾಫಿಕ್ಸ್ ಯಂತ್ರದಲ್ಲಿ ಒಟ್ಟು ಹಣದ ಮೂರರಲ್ಲೊಂದು ಪಾಲಿನಷ್ಟು ಕಾರ್ಡಿಗೆ ಹೋದರೆ ಅದು ಅತಿಯಲ್ಲ.

ಮಗನ ಪಟ್ಟಿ ಇದೇ ಲೆಕ್ಕದ್ದು. ಪ್ರೊಸೆಸರು ಎಎಮ್‌ಡಿ ಕಂಪನಿಯ ರೈಜನ್ 5 5600, ಆರು ಕೋರು, ಹನ್ನೆರಡು ಥ್ರೆಡ್ಡು. ಇದಕ್ಕೆ ತನ್ನದೇ ಗ್ರಾಫಿಕ್ಸ್ ಇಲ್ಲ. ಹೆಸರಿನ ಕೊನೆಗೆ ‘ಜಿ’ ಇರುವ 5600ಜಿಗೆ ಇದೆ. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಒಂದೇ ಅಕ್ಷರವನ್ನು ಗಮನಿಸದೆ, ಕಾರ್ಡನ್ನು ಆಮೇಲೆ ಕೊಂಡರಾಯಿತೆಂದು ಮನೆಗೆ ಒಯ್ದವರು ಕಪ್ಪು ಪರದೆಯ ಮುಂದೆ ಕೂರಬೇಕಾಗುತ್ತದೆ. ಮದರ್‌ಬೋರ್ಡು ಬಿ550, ಮೆಮೊರಿಗೆ ನಾಲ್ಕು ಖಾನೆಗಳಿರುವಂಥದು. ಕಾರ್ಡು 12 ಜಿಬಿಯ ಆರ್‌ಟಿಎಕ್ಸ್ 3060. ಆಟಕ್ಕಷ್ಟೇ ಆಗಿದ್ದರೆ ಎಎಮ್‌ಡಿಯ ಆರ್‌ಎಕ್ಸ್ 6600 ಕಡಿಮೆ ವಿದ್ಯುತ್ತಿನಲ್ಲಿ ಒಳ್ಳೆಯ ಆಯ್ಕೆಯೇ ಆಗುತ್ತಿತ್ತು. ಆದರೆ ಬ್ಲೆಂಡರ್ ತಂತ್ರಾಂಶದಲ್ಲಿ ಚಿತ್ರ ರೆಂಡರ್ ಮಾಡುವಾಗ ಎನ್ವಿಡಿಯಾದ ಆಪ್ಟಿಕ್ಸ್ ವ್ಯವಸ್ಥೆ ಸಮಯವನ್ನು ಬಹಳ ಉಳಿಸುತ್ತದೆ. ದೊಡ್ಡ ದೃಶ್ಯ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಲು 12 ಜಿಬಿಯ ವಿಸ್ತಾರವೂ ಬೇಕು.

ತಂತ್ರಾಂಶದ ಖರ್ಚು ಪಟ್ಟಿಯಲ್ಲಿ ಇರಲೇ ಇಲ್ಲ. ಬ್ಲೆಂಡರ್, ಕ್ರೀಟಾ, ಇಂಕ್‌ಸ್ಕೇಪ್, ಗಿಂಪ್ ಇವೆಲ್ಲ ಹಣ ಕೊಡದೆ ದೊರೆಯುವ ಮುಕ್ತ ತಂತ್ರಾಂಶಗಳು. ಇವುಗಳಿಂದ ಆಗುವುದೇನು ಎಂಬ ಅನುಮಾನಕ್ಕೆ 2025ರ ಮಾರ್ಚಿನಲ್ಲಿ ಉತ್ತರ ಸಿಕ್ಕಿದೆ: ಅತ್ಯುತ್ತಮ ಅನಿಮೇಷನ್ ಚಲನಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಬ್ಲೆಂಡರಿನಲ್ಲಿಯೇ ತಯಾರಾದುದು. ಮಹಾಪೂರದಲ್ಲಿ ಸಿಕ್ಕ ಬೆಕ್ಕೊಂದರ ಕಥೆ ಅದು. 2005, 2019, 2021ರಲ್ಲಿ ಕೃಷ್ಣೆಯ ಪೂರವನ್ನು ಕಂಡ ಸಾಂಗಲಿಯವರಿಗೆ ಆ ಚಿತ್ರ ಪರಕೀಯವೆನಿಸದು.

ಪಟ್ಟಿಯನ್ನು ಬುಡಮೇಲು ಮಾಡಿದ್ದು ಮೆಮೊರಿಯ ಬೆಲೆ. ದೀಪಾವಳಿಗೆ ಮುಂಚೆ ಬರೆದ ಪಟ್ಟಿಯಲ್ಲಿ 32 ಜಿಬಿ ಇತ್ತು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನೆಲ್ಲೆಡೆ ಮೆಮೊರಿಯ ಬೆಲೆ ಏಣಿ ಹತ್ತಿತು. ಈ ಚಿಪ್ಪುಗಳ ಬಹುಪಾಲು ತಯಾರಾಗುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಲ್ಲಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಕೇಳಿದಷ್ಟು ಬೆಲೆ ಕೊಟ್ಟು ಕೊಳ್ಳತೊಡಗಿದ್ದರಿಂದ ತಯಾರಕರು ಆ ಕಡೆಗೆ ತಿರುಗಿದರು. ಡಿಸೆಂಬರಿನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಎಸ್‌ಎಸ್‌ಡಿಗಳ ಬೆಲೆಗೂ ಅದರ ಬಿಸಿ ತಟ್ಟಿತು. ಅರಿಸಿನದ ಲಿಲಾವಿನಲ್ಲಿ ಬೆಳಗಿನ ದರ ಸಂಜೆಗಿರದ ಸಾಂಗಲಿಯಲ್ಲಿ ಈ ಮಾತು ಯಾರನ್ನೂ ಬೆರಗುಗೊಳಿಸುವುದಿಲ್ಲ. ದೊಡ್ಡ ಖರೀದಿದಾರ ಪೇಟೆಗಿಳಿದರೆ ಚಿಲ್ಲರೆಯವನಿಗೆ ಉಳಿಯುವುದೇನೆಂದು ಒಣದ್ರಾಕ್ಷಿ ಮಾರಿ ಬಂದ ತಂದೆಗೆ ಮಗನಿಗಿಂತ ಚೆನ್ನಾಗಿ ಗೊತ್ತಿತ್ತು.

ಅದೇ ಹೊತ್ತಿಗೆ ಇನ್ನೊಂದು ಆಸೆ ಕಣ್ಣ ಮುಂದೆ ಬಂತು. ಅದೇ 3060 ಕಾರ್ಡು, ಬಳಸಿದ್ದು, ಹೊಸದರ ಅರ್ಧ ಬೆಲೆಗೆ, ಪರಿಚಯದವರ ಪರಿಚಯದವರ ಬಳಿ ಇತ್ತು. ಉಳಿದ ಹಣದಲ್ಲಿ 32 ಜಿಬಿ ಮೆಮೊರಿ ಬರುತ್ತಿತ್ತು. ಬಿಲ್ಲು ಇಲ್ಲ, ವಾರಂಟಿ ಇಲ್ಲ. ಎಥೀರಿಯಮ್ ಎಂಬ ಗೂಢನಾಣ್ಯ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆಯನ್ನು ಕೈಬಿಟ್ಟ ಮೇಲೆ, ಹಗಲೂ ರಾತ್ರಿ ದುಡಿದ ಕಾರ್ಡುಗಳು ಜಗತ್ತಿನೆಲ್ಲೆಡೆ ಹಳೆಯ ಮಾಲಿನ ಪೇಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಆದರೆ ಕೊಳ್ಳುವವನು ಫ್ಯಾನಿನ ಸದ್ದು ಕೇಳಬೇಕು, ಅರ್ಧ ತಾಸು ಭಾರ ಹಾಕಿ ಓಡಿಸಿ ಶಾಖ ನೋಡಬೇಕು. ಪೂರ ಬರುವ ಊರಿನಲ್ಲಿ ಇನ್ನೊಂದು ಪರೀಕ್ಷೆಯೂ ಉಂಟು: ಸ್ಕ್ರೂಗಳಿಗೆ ತುಕ್ಕು ಹಿಡಿದಿದೆಯೇ, ತಾಮ್ರದ ಅಂಚಿನಲ್ಲಿ ಹಸಿರು ಅಥವಾ ಬಿಳಿಯ ಪುಡಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನೀರು ಕುಡಿದ ಕಾರ್ಡು ಒಣಗಿದ ಮೇಲೆ ಕೆಲವು ತಿಂಗಳು ನಡೆದು, ಆಮೇಲೆ ನಿಲ್ಲಬಹುದು.

ಮಧ್ಯಾಹ್ನ ಇಬ್ಬರೂ ಸಾಂಗಲಿಗೆ ಬಂದು ಗಣಪತಿ ದೇವಾಲಯದ ಹತ್ತಿರ ಕುಳಿತು ರೊಟ್ಟಿ ಗಂಟು ಬಿಚ್ಚಿದರು. ಮಿರಜಿನಿಂದ ಬೇರೆಯಾಗಿ 1801ರಲ್ಲಿ ಸಾಂಗಲಿ ಸಂಸ್ಥಾನವನ್ನು ಸ್ಥಾಪಿಸಿದ ಚಿಂತಾಮಣರಾವ ಪಟವರ್ಧನರು ಕಟ್ಟಿಸಿದ ಗುಡಿಯದು. ಈ ರಾಜರ ಆಸ್ಥಾನಕ್ಕೇ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಬಂದು ಯಕ್ಷಗಾನ ಆಡಿತ್ತು. ಅದನ್ನು ಕಂಡ ರಾಜರು ಮರಾಠಿಯಲ್ಲಿಯೂ ಅಂಥದೊಂದು ಆಗಬೇಕೆಂದು ತಮ್ಮ ಆಶ್ರಯದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗವೇರಿ ಮರಾಠಿ ರಂಗಭೂಮಿಗೆ ನಾಂದಿಯಾಯಿತು. ಭಾವೆಯವರು ಕಟ್ಟಿಗೆಯ ಗೊಂಬೆಗಳನ್ನೂ ಮಾಡಿದ್ದರು. ಕೈಕಾಲಿನ ಕೀಲುಗಳನ್ನು ಒಂದೊಂದಾಗಿ ಕೂಡಿಸಿ, ದಾರದಿಂದ ಕುಣಿಸುವಂಥವು. ಪರದೆಯ ಮೇಲೆ ಗೊಂಬೆಗೆ ಕೀಲು ಕೂಡಿಸುವುದನ್ನು ಇಂದಿನ ಅನಿಮೇಷನ್ನಿನವರು ರಿಗ್ಗಿಂಗ್ ಎನ್ನುತ್ತಾರೆ. ಈ ಊರಿಗೆ ಆ ಕೆಲಸ ಹೊಸದಲ್ಲ, ಅದರಲ್ಲಿ ಕನ್ನಡದ ಪಾಲೂ ಹೊಸದಲ್ಲ.

ರೊಟ್ಟಿಯ ನಡುವೆ ನಿರ್ಣಯವಾಗಬೇಕಾಗಿತ್ತು: ಬಿಲ್ಲಿಲ್ಲದ ಕಾರ್ಡು ಮತ್ತು 32 ಜಿಬಿಯೋ, ಬಿಲ್ಲಿರುವ ಕಾರ್ಡು ಮತ್ತು 16 ಜಿಬಿಯೋ.

ಬಿಲ್ಲಿನ ವಿಷಯದಲ್ಲಿ ಗಡಿಯ ನಮ್ಮ ಜನ ಉದಾಸೀನರು. ಶೇ. 18 ಉಳಿಯಿತೆಂಬ ಸಂತೋಷದಲ್ಲಿ ಉಳಿದ ಶೇ. 100ನ್ನು ಪಣಕ್ಕಿಡುತ್ತೇವೆಂಬುದು ಹೊಳೆಯುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ಮಾಲಿಗೆ ಬಿಲ್ಲು ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅಂಥದೇ. ‘ಮಾರಿದ ಮಾಲು ವಾಪಸು ಇಲ್ಲ’ ಎಂಬ ರಬ್ಬರ್ ಮುದ್ರೆ ಈ ಹಕ್ಕನ್ನು ಅಳಿಸಲಾರದು. ದೂರನ್ನು ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಮಾಲು ಬೆಂಗಳೂರಿನಿಂದ ಅಥವಾ ದಿಲ್ಲಿಯಿಂದ ಪಾರ್ಸೆಲಿನಲ್ಲಿ ಬಂದಿದ್ದರೂ ಜತ್ತದವನು ಸಾಂಗಲಿಯಲ್ಲೇ ನ್ಯಾಯ ಕೇಳಬಹುದು. ಕೊಟ್ಟ ಹಣ ರೂ. 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. ಆದರೆ ಇದಕ್ಕೆಲ್ಲ ಆಧಾರ ಒಂದು ತುಂಡು ಕಾಗದ. ಅದರ ಮೇಲೆ ‘ಕಂಪ್ಯೂಟರ್ ಒಂದು’ ಎಂದಷ್ಟೇ ಬರೆದರೆ ಸಾಲದು. ಪ್ರತಿಯೊಂದು ಭಾಗದ ಹೆಸರು, ಮಾದರಿ, ಸೀರಿಯಲ್ ನಂಬರು ಬೇರೆ ಬೇರೆಯಾಗಿ ಇರಬೇಕು. ಏಕೆಂದರೆ ಪ್ರತಿ ಭಾಗಕ್ಕೂ ವಾರಂಟಿ ಬೇರೆ, ಅದನ್ನು ನಿಭಾಯಿಸುವ ಕಂಪನಿಯೂ ಬೇರೆ.

ಮಗನ ಮನಸ್ಸು ಇನ್ನೂ 32ರ ಮೇಲೆ ಇತ್ತು. ತಂದೆ ಕೇಳಿದ್ದು ಒಂದೇ ಪ್ರಶ್ನೆ:

“ಮೆಮೊರಿ ಆಮ್ಯಾಲೆ ಕೂಡಿಸಾಕ ಬರ್ತದೇನು?”

“ಬರ್ತದ. ನಾಲ್ಕ ಖಾನೆ ಅದಾವ.”

“ಕಾರ್ಡ್ ಸುಟ್ಟರ?”

ಮಗ ಉತ್ತರಿಸಲಿಲ್ಲ. ಪಟ್ಟಿಯಲ್ಲಿ 32ನ್ನು ಹೊಡೆದು 16 ಎಂದು ಬರೆದ.

ಕೊಳ್ಳುವ ಕೆಲಸ ಸಂಜೆಯವರೆಗೆ ನಡೆಯಿತು. ಮೆಮೊರಿಯನ್ನು 16ರ ಒಂದು ಕಡ್ಡಿಯಾಗಿ ಕೊಳ್ಳದೆ 8ರ ಎರಡಾಗಿ ಕೊಂಡರು; ಜೋಡೆತ್ತಿನ ಹಾಗೆ ಎರಡೂ ಕೂಡಿ ಎಳೆದರೆ ಪ್ರೊಸೆಸರಿಗೆ ದತ್ತಾಂಶದ ದಾರಿ ಇಮ್ಮಡಿಯಾಗುತ್ತದೆ. ಎಸ್‌ಎಸ್‌ಡಿ 1 ಟಿಬಿಯ ಬದಲು 500 ಜಿಬಿಯ ಎನ್‌ವಿಎಮ್‌ಇ. ಹಳೆಯ ಸಾಟಾ ಬಗೆಯದು ಕ್ಷಣಕ್ಕೆ 550 ಮೆಗಾಬೈಟಿನ ಆಚೀಚೆ ನಿಂತರೆ ಇದು ಅದರ ಹಲವು ಪಟ್ಟು ವೇಗದ್ದು. ಪೆಟ್ಟಿಗೆ ಕಬ್ಬಿಣದ್ದು, ದೀಪವಿಲ್ಲದ್ದು, ಗಾಳಿಗೆ ಮುಂದೆ ಜಾಳಿಗೆ ಇರುವಂಥದು. ಮಾನಿಟರು ಐಪಿಎಸ್ ಬಗೆಯದು. ಬೇರೆ ಅಗ್ಗದ ಪರದೆಗಳಲ್ಲಿ ಕೋನ ಬದಲಾದರೆ ಬಣ್ಣ ಬದಲಾಗಿ, ಪರದೆಯ ಮೇಲಿನ ಅರಿಸಿನ ಕುಂಕುಮ ಅಚ್ಚಿನಲ್ಲಿ ಮಣ್ಣಿನ ಬಣ್ಣವಾಗುವುದುಂಟು.

ಪವರ್ ಸಪ್ಲೈ ವಿಷಯಕ್ಕೆ ಬಂದಾಗ ಮಾತ್ರ ತಂದೆಯೇ ಮುಂದಾದರು. ಅವರ ಬಾವಿಯ ಮೋಟಾರು ಎರಡು ಸಲ ಸುಟ್ಟದ್ದು ವಿದ್ಯುತ್ತಿನ ಏರಿಳಿತದಿಂದ. 3060 ಕಾರ್ಡು 170 ವಾಟ್ ಎಳೆಯುತ್ತದೆ. ಅದಕ್ಕೆ 550 ವಾಟಿನ ಸಪ್ಲೈ ಇರಬೇಕೆಂದು ಕಂಪನಿಯೇ ಸೂಚಿಸಿದೆ. ‘80 ಪ್ಲಸ್’ ಮುದ್ರೆಯಿದ್ದರೆ ಒಳಬಂದ ವಿದ್ಯುತ್ತಿನಲ್ಲಿ ಶೇ. 80ಕ್ಕೆ ಕಡಿಮೆಯಾಗದಷ್ಟು ಕೆಲಸಕ್ಕೆ ಸಲ್ಲುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಯುಪಿಎಸ್ ಕೊಳ್ಳುವಾಗ ಅಂಗಡಿಯವನು ಸಾಮಾನ್ಯವಾಗಿ ಮಾರುವ 600 ವಿಎಯದನ್ನು ತೋರಿಸಿದ. ಅದು ಹೊರುವುದು 360 ವಾಟನ್ನಷ್ಟೇ. ಮಾನಿಟರನ್ನೂ ಸೇರಿಸಿದರೆ ಯಂತ್ರ ಪೂರ್ಣ ಭಾರದಲ್ಲಿ ಅದರ ಅಂಚಿಗೆ ಬರುತ್ತದೆ. ರೆಂಡರ್ ಮಾಡುವಾಗ ಕರೆಂಟು ಹೋದರೆ ಯುಪಿಎಸ್ಸೂ ಕೈಬಿಡಬಹುದು. 1000 ವಿಎಯದನ್ನು ತೆಗೆದುಕೊಂಡರು.

“ದೀಪದ ಪೆಟಿಗಿಗಿ ಕೊಡೂ ರೊಕ್ಕ ಇದಕ್ಕ ಕೊಡು. ನಮ್ಮ ಕಡೆ ಕರೆಂಟ್ ಹೆಂಗಿರ್ತದ, ನಿನಗ ಗೊತ್ತಿಲ್ಲೇನು?” ಎಂದರು ತಂದೆ.

ಅಂಗಡಿಯವನು ಭಾಗಗಳನ್ನೆಲ್ಲ ಕೂಡಿಸಿ, ಮೊದಲ ಸಲ ಯಂತ್ರವನ್ನು ಹೊತ್ತಿಸಿದ. ಪರೀಕ್ಷೆಗೆಂದು ಗ್ರಾಹಕರು ಆಟವನ್ನೋ ಹಾಡನ್ನೋ ಹಾಕಿ ನೋಡುವುದು ವಾಡಿಕೆ. ಮಗ ಪೆನ್‌ಡ್ರೈವಿನಿಂದ ಅಕ್ಷರಗಳ ಕಡತವೊಂದನ್ನು ತೆರೆದ. ಗಡಿಭಾಗದ ಲಗ್ನಪತ್ರಿಕೆಗಳಲ್ಲಿ ಕನ್ನಡ ಎಷ್ಟು ಪಾಡು ಪಡುತ್ತದೆಂದು ಓದುಗರು ಬಲ್ಲರು. ‘ನುಡಿ’ಯ ಹಳೆಯ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯುನಿಕೋಡಿನಲ್ಲಿ ಬರೆದದ್ದು, ಫೋಟೋಶಾಪಿನಲ್ಲಿ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಆರಿಸದಿದ್ದರೆ ಒತ್ತಕ್ಷರ ಕಳಚಿ, ‘ಶ್ರೀ’ ಎಂಬ ಮೊದಲ ಅಕ್ಷರವೇ ಎರಡು ತುಂಡಾಗಿ ಬೀಳುತ್ತದೆ. ಕನ್ನಡ ಬಾರದ ಆಪರೇಟರಿಗೆ ಅದು ತಪ್ಪೆಂದು ತಿಳಿಯುವುದಿಲ್ಲ. ಪತ್ರಿಕೆ ಹಾಗೆಯೇ ಅಚ್ಚಾಗಿ ಊರೂರಿಗೆ ಹಂಚಿಕೆಯಾಗುತ್ತದೆ. ಪುಣೆಗೆ ಹೋಗದೆ ಊರಲ್ಲಿ ಉಳಿಯುತ್ತೇನೆಂಬ ಹುಡುಗನ ಹಟದ ಹಿಂದೆ ಈ ವ್ಯಾಪಾರದ ಲೆಕ್ಕವೂ ಇತ್ತು: ಮರಾಠಿ, ಕನ್ನಡ ಎರಡನ್ನೂ ತಪ್ಪಿಲ್ಲದೆ ಕೂಡಿಸಬಲ್ಲವನು ಆ ಸೀಮೆಯಲ್ಲಿ ಅಪರೂಪ. ಪರದೆಯ ಮೇಲೆ ಇಂಕ್‌ಸ್ಕೇಪಿನಲ್ಲಿ ‘ಶ್ರೀ’ ಇಡಿಯಾಗಿ ಬಂತು. ಅಂಗಡಿಯ ಮರಾಠಿ ಹುಡುಗನೂ ಬಗ್ಗಿ ನೋಡಿದ.

ಬಿಲ್ಲು ಬರೆಯಲು ಅರ್ಧ ತಾಸು ಹಿಡಿಯಿತು. ಒಂಬತ್ತು ಸಾಲು, ಒಂಬತ್ತು ಸೀರಿಯಲ್ ನಂಬರು, ಜಿಎಸ್‌ಟಿ ಸೇರಿ ಒಟ್ಟು ರೂ. 85,000ಕ್ಕೆ ಕೆಲವು ನೂರು ಕಡಿಮೆ. ತಂದೆ ಅದನ್ನು ಎರಡು ಸಲ ಓದಿಸಿಕೊಂಡು, ಮಡಿಸದೆ, ಸಾತಬಾರಾ ಉತಾರದ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಪೆಟ್ಟಿಗೆಯ ಬದಿಯನ್ನು ಮುಚ್ಚುವ ಮೊದಲು ಅವರು ಒಮ್ಮೆ ಒಳಗೆ ಇಣುಕಿ ನೋಡಿ, ಮೆಮೊರಿಯ ಎರಡು ಖಾಲಿ ಖಾನೆಗಳನ್ನು ಬೆರಳಿನಿಂದ ತೋರಿಸಿ, ಇವು ತುಂಬುವುದು ಯಾವಾಗ ಎಂದು ಕೇಳಿದರು.

“ಮುಂದಿನ ಸಲ ದ್ರಾಕ್ಷಿ ಒಣಗಿದ ಮ್ಯಾಲೆ,” ಎಂದ ಮಗ. ಒಂದು ಗಳಿಗೆ ತಡೆದು, “ಇಲ್ಲಾ, ಅದಕ್ಕಿಂತ ಮೊದಲ ನಾನ ತುಂಬ್ತೀನಿ,” ಎಂದ.